ಕೆಲೆಮ್ವೋರ್ ಮತ್ತು ಅವನ ಪೂಜಾರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಸಂಜೆ ನಮ್ಮ ಮಾಳಿಗೆ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡೆಯುತ್ತದೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಆರು ಗಂಟೆಗಿಂತ ಮುಂಚೆ ಮಾಳಿಗೆ ಹತ್ತಲು ಕಲಬುರಗಿ ಬಿಸಿಲು ಬಿಡುವುದಿಲ್ಲ. ದಾಳ ಉರುಳಿಸಲು ಒಂದು ಸ್ಟೀಲ್ ಪರಾತ, ನಡುವೆ ಸುಸ್ಲಾ-ಮಿರ್ಚಿ, ಸುತ್ತ ಐದಾರು ಜನ. ಆಟ ನಡೆಸುವ ಡಿಎಂ ನಾನೇ. ಕಥೆ ನಡೆಯುವುದು ಫರ್ಗಾಟನ್ ರೆಲ್ಮ್ಸ್ ಎಂಬ ಕಲ್ಪಿತ ಲೋಕದ ಫೇರೂನ್ ಖಂಡದಲ್ಲಿ, ಅಲ್ಲಿ ಸತ್ತವರ ದೇವರು ಕೆಲೆಮ್ವೋರ್. ಹೊಸಬರು ಯಾರೇ ಬರಲಿ, ಮೊದಲು ಸಿಕ್ಕಿಬೀಳುವುದು ಇವನ ಹತ್ತಿರವೇ. ಆಟದ ನಡುವೆ ಕೇಳಿದ್ದು, ಬೀದರ್ ಮತ್ತು ಶಹಾಪುರದ ಗೆಳೆಯರು ಫೋನಿನಲ್ಲಿ ಕೇಳಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ.

## ಹೊಸಬರು ಕೇಳುವವು

ಅಣ್ಣಾ, ಈ ಕೆಲೆಮ್ವೋರ್ ಅಂದ್ರ ನಮ್ಮ ಯಮ ಇದ್ದಂಗೇನು?

ಅರ್ಧ ಹೌದು. ಯಮನಿಗೆ ಎರಡು ಕೆಲಸ: ದೂತರನ್ನು ಕಳಿಸಿ ಜೀವ ತರಿಸುವುದು, ಆಮೇಲೆ ಪಾಪಪುಣ್ಯ ತೂಗುವುದು. ಕೆಲೆಮ್ವೋರ್ ಮಾಡುವುದು ಎರಡನೆಯದನ್ನು ಮಾತ್ರ. ಅವನ ಕೈಯಲ್ಲಿ ಪಾಶವಿಲ್ಲ, ಅವನು ಯಾರನ್ನೂ ಕರೆಸಿಕೊಳ್ಳುವುದಿಲ್ಲ. ಜ್ವರಕ್ಕೋ ಕತ್ತಿಗೋ ಮುಪ್ಪಿಗೋ ಸತ್ತು ತಾವಾಗಿ ಬಂದವರ ಲೆಕ್ಕ ನೋಡುತ್ತಾನೆ, ಅಷ್ಟೇ. ಇನ್ನೊಂದು ಫರಕು: ಈ ಹುದ್ದೆಯಲ್ಲಿ ಅವನು ಮೊದಲನೆಯವನಲ್ಲ, ಅವನಿಗಿಂತ ಮುಂಚೆ ಮೂವರು ಕೂತು ಎದ್ದಿದ್ದಾರೆ. ಯಮನ ಕುರ್ಚಿಗೆ ವರ್ಗಾವಣೆ ಆದದ್ದನ್ನು ನಾವು ಕೇಳಿಲ್ಲ.

ಸಾವಿನ ದೇವರ ಪೂಜಾರಿ ಅಂದ ಮ್ಯಾಲ ಅಂವ ವಿಲನ್ನೇ ಅಲ್ಲೇನು? ನಮ್ಮ ಪಾರ್ಟಿಯೊಳಗ ಯಾಕ ಬೇಕು?

ಪ್ರತಿ ಹೊಸ ಆಟಗಾರನದೂ ಇದೇ ಅನುಮಾನ, ಅದರಲ್ಲಿ ಅವನ ತಪ್ಪಿಲ್ಲ. ಸಾವಿನ ದೇವರು ಅಂದರೆ ತಲೆಬುರುಡೆ, ಕರಿ ನಿಲುವಂಗಿ, ಸುತ್ತ ಎದ್ದು ಕೂತ ಹೆಣಗಳ ಸೈನ್ಯ ಅಂತ ಆಟಗಳೇ ನಮಗೆ ಕಲಿಸಿವೆ. ಆ ಚಿತ್ರ ಹಳೆಯ ದೇವರು ಮಿರ್ಕುಲ್‌ಗೆ ಸರಿಯಾಗಿ ಹೊಂದುತ್ತದೆ. ಜನ ಸಾವಿಗೆ ಹೆದರಬೇಕು, ಆ ಹೆದರಿಕೆಯಿಂದ ತನಗೆ ಅಡ್ಡಬೀಳಬೇಕು ಅನ್ನುವ ಜಾತಿಯವನು ಅವನು. ಕೆಲೆಮ್ವೋರ್‌ನ ಪೂಜಾರಿಗಳ ಮಾತು ಇದಕ್ಕೆ ಪೂರ್ತಿ ತಿರುಗಾ ಮುರುಗಾ. ಸಾವು ಬದುಕಿನದೇ ಒಂದು ಭಾಗ, ಶಿಕ್ಷೆಯಲ್ಲ, ಅದಕ್ಕೆ ಹೆದರಬೇಡಿ ಅನ್ನುತ್ತಾರೆ. ಯಾರೂ ತನ್ನ ಕಾಲಕ್ಕಿಂತ ಮುಂಚೆ ಸಾಯಬಾರದು ಅನ್ನುವುದೂ ಅವರ ಧರ್ಮವೇ. ಹಾಗಾಗಿ ಪಾರ್ಟಿಯಲ್ಲಿ, ಅಂದರೆ ಜೊತೆಗೆ ಹೊರಟ ಪಾತ್ರಗಳ ಗುಂಪಿನಲ್ಲಿ, ನಿಮ್ಮ ಜೀವ ಉಳಿಸಲು ಎಲ್ಲರಿಗಿಂತ ಹೆಚ್ಚು ಒದ್ದಾಡುವವನು ಇವನೇ. ನಿಯಮದ ಪ್ರಕಾರವೂ ಅವನು ಕೆಡುಕಿನ ದೇವರಲ್ಲ. ಒಳಿತು ಕೆಡುಕು ಎರಡರ ಕಡೆಗೂ ವಾಲದೆ ಕಾಯಿದೆಗೆ ಮಾತ್ರ ಬದ್ಧನಾದವನು.

ಮನಷ್ಯಾ ಇದ್ದವ ದೇವರು ಹ್ಯಾಂಗ ಆದ?

ಕೆಲೆಮ್ವೋರ್ ಲಯನ್ಸ್‌ಬೇನ್ ಮೊದಲು ಕೂಲಿ ಸಿಪಾಯಿ. ಅವನ ಮನೆತನಕ್ಕೆ ಒಂದು ಶಾಪ ಅಂಟಿತ್ತು. ಬೇರೆಯವರಿಗಾಗಿ ಏನೇ ಮಾಡಲಿ, ಪ್ರತಿಫಲ ತೆಗೆದುಕೊಳ್ಳಲೇಬೇಕು. ಪುಕ್ಕಟೆ ಉಪಕಾರ ಮಾಡಿದರೆ ಮೈ ಸೀಳಿಕೊಂಡು ಕರಿಚಿರತೆ ಹೊರಬಂದು ಎದುರಿಗಿದ್ದವರನ್ನು ಹರಿದುಹಾಕುತ್ತಿತ್ತು. ಹಾಗಾಗಿ ಒಳ್ಳೆಯ ಮನಸ್ಸಿದ್ದರೂ ಎಲ್ಲರ ಕಣ್ಣಿಗೆ ಅವನು ರೊಕ್ಕದ ಮನುಷ್ಯ.

ಫೇರೂನ್‌ನ ಲೆಕ್ಕದಲ್ಲಿ 1358ನೇ ವರ್ಷ. ಬೇನ್ ಮತ್ತು ಮಿರ್ಕುಲ್ ಎಂಬ ದೇವರುಗಳು, ಯಾವ ದೇವರಿಗೆ ಯಾವ ಕೆಲಸ ಅಂತ ಬರೆದಿದ್ದ ವಿಧಿಯ ಫಲಕಗಳನ್ನು ಕದ್ದರು. ಎಲ್ಲ ದೇವರಿಗೂ ಮೇಲಿನವನಾದ ಏಓ ಸಿಟ್ಟಾಗಿ, ತಪ್ಪು ಮಾಡಿದವರು ಮಾಡದವರು ಅಂತ ನೋಡದೆ ಹೆಚ್ಚುಕಡಿಮೆ ದೇವಲೋಕವನ್ನೇ ಭೂಮಿಗೆ ತಳ್ಳಿದ. ಈ ಗದ್ದಲದೊಳಗೆ ನಾಲ್ವರು ಜೊತೆಯಾಗಿ ಹೊರಟರು: ಕೆಲೆಮ್ವೋರ್, ಅವನು ಪ್ರೀತಿಸಿದ ಮಾಂತ್ರಿಕಿ ಮಿಡ್‌ನೈಟ್, ಏಡನ್ ಎಂಬ ಪೂಜಾರಿ, ಮತ್ತು ಸಿರಿಕ್ ಎಂಬ ಕಳ್ಳ. ಕೊನೆಗೆ ವಾಟರ್‌ಡೀಪ್ ಪಟ್ಟಣದಲ್ಲಿ ಮಿಡ್‌ನೈಟ್ ಮಿರ್ಕುಲ್‌ನನ್ನು ಕೊಂದಳು, ಸಿರಿಕ್ ಕೆಲೆಮ್ವೋರ್‌ನನ್ನು ಕೊಂದ. ಕೊಂದವರಿಬ್ಬರೂ ದೇವರಾದರು. ಮಿಡ್‌ನೈಟ್ ಮಂತ್ರವಿದ್ಯೆಯ ದೇವತೆ ಮಿಸ್ತ್ರಾ ಆದಳು, ಸಿರಿಕ್‌ಗೆ ಸತ್ತವರ ರಾಜ್ಯವೂ ಸೇರಿ ಬೇಕಾದಷ್ಟು ಸಿಕ್ಕಿತು.

ಕೆಲೆಮ್ವೋರ್‌ನ ಆತ್ಮ ಮಾತ್ರ ತನ್ನನ್ನು ಕೊಂದ ಕತ್ತಿಯೊಳಗೇ ಸಿಕ್ಕಿಕೊಂಡಿತ್ತು. ಸಿರಿಕ್‌ನ ಕೈಯಲ್ಲಿ ಸತ್ತವರ ಪಟ್ಟಣ ಹಿಂಸೆಯ ದೊಡ್ಡಿಯಾಯಿತು. ಹತ್ತು ವರ್ಷದಲ್ಲಿ ಅಲ್ಲಿನ ಸತ್ತವರೇ ತಿರುಗಿಬಿದ್ದರು. ಕತ್ತಿಯಿಂದ ಬಿಡಿಸಿಕೊಂಡ ಕೆಲೆಮ್ವೋರ್ ಆ ದಂಗೆಯಲ್ಲಿ ಮುಂದೆ ನಿಂತ, ಸಿರಿಕ್ ಓಡಿದ, ಜನರೇ ಇವನನ್ನು ಕುರ್ಚಿಯಲ್ಲಿ ಕೂರಿಸಿದರು. ನನ್ನ ಕೇಳಿದರೆ ಈ ಲೋಕದ ದೇವರುಗಳ ಪೈಕಿ ಪ್ರಜೆಗಳ ಒತ್ತಾಯಕ್ಕೆ ಪಟ್ಟ ಏರಿದವನು ಇವನೊಬ್ಬನೇ.

ಅವನ ಗುರ್ತು ಏನು?

ನೆಟ್ಟಗೆ ನಿಂತ ಎಲುಬಿನ ಕೈ, ಅದರಲ್ಲಿ ಸಮವಾಗಿ ತೂಗುವ ತಕ್ಕಡಿ. ಪೂಜಾರಿಗಳದು ಹೊಗೆಬಣ್ಣದ ನಿಲುವಂಗಿ, ತಲೆಗೆ ಮುಸುಕು. ಅಪ್ಪಟ ಕರಿಬಣ್ಣ ಹಾಕಬೇಡಿ. ನಮ್ಮಲ್ಲಿ ಒಬ್ಬ ಹಾಕಿಸಿದ್ದಕ್ಕೆ ಎರಡು ವಾರ ಎಲ್ಲರೂ ಅವನನ್ನು ವಕೀಲಸಾಹೇಬ್ರ ಅಂತ ಕರೆದರು.

## ಪೂಜಾರಿಗಳ ಬಗ್ಗೆ

ಡೂಮ್‌ಗೈಡ್ ಅಂದ್ರ ಯಾರು? ಹೆಣ ಬರೋತನಕ ಸುಮ್ ಕೂಡ್ತಾನೇನು?

ಡೂಮ್‌ಗೈಡ್ ಅನ್ನುವುದು ಕೆಲೆಮ್ವೋರ್‌ನ ಪೂಜಾರಿಗೆ ಇರುವ ಹೆಸರು. ಅವನ ಕೆಲಸ ಹೆಣ ಬೀಳುವ ಮೊದಲೇ ಶುರು. ಫೇರೂನ್‌ನಲ್ಲಿ ಯಾರೂ ಒಬ್ಬರೇ ಸಾಯಬಾರದು, ಸಾಯುವವರ ಪಕ್ಕದಲ್ಲಿ ತಮ್ಮವನೊಬ್ಬ ಇರಬೇಕು ಅನ್ನುವುದು ಈ ಪಂಥದ ಆಸೆ. ಕೊನೆಯ ಮಾತು ಕೇಳಿಸಿಕೊಳ್ಳುವುದು, ಹೆಣ ತೊಳೆದು ಸಿಂಗರಿಸುವುದು, ಮಣ್ಣು ಮಾಡುವುದು, ಸತ್ತವರನ್ನು ಉಳಿದವರು ಮರೆಯದಂತೆ ನೋಡಿಕೊಳ್ಳುವುದು, ಇವೆಲ್ಲ ಅವನ ಪಾಲಿಗೆ. ಸುತ್ತಮುತ್ತ ಎದ್ದುಬಂದ ಹೆಣಗಳಿದ್ದರೆ ಮತ್ತೆ ಮಲಗಿಸುವುದೂ ಅವನ ಪಾಲಿಗೇ.

ನಮ್ಮ ಆಟದ ಒಂದು ಸಂಜೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಪಾರ್ಟಿ ದರೋಡೆಕೋರರನ್ನು ಓಡಿಸಿತ್ತು. ಗುಡ್ಡದ ಬುಡದಲ್ಲಿ ಒಬ್ಬ ಕುರುಬ ಹೊಟ್ಟೆಗೆ ಬಾಣ ಹೊಕ್ಕು ಬಿದ್ದಿದ್ದ. ಮಂತ್ರದ ಶಕ್ತಿಯೆಲ್ಲ ಆ ಹೊತ್ತಿಗೆ ಖಾಲಿ. ಮೂವರು ಆಟಗಾರರು ದರೋಡೆಕೋರರ ಚೀಲ ಜಾಲಾಡುತ್ತೇವೆ ಅಂದರು. ಡೂಮ್‌ಗೈಡ್ ಆಡುವ ಹುಡುಗ, ಬ್ಯಾಂಕಿನಲ್ಲಿ ಕೆಲಸ, ಜಾಸ್ತಿ ಮಾತಿಲ್ಲ, 'ನಾ ಅವನ ಹಂತ್ಯಾಕ ಕೂಡ್ತೀನಿ' ಅಂದ. ದಾಳ ಎತ್ತಲಿಲ್ಲ. 'ಕಾಕಾ, ಯಾರಿಗರ ಏನರ ಹೇಳೋದದ ಏನು?' ಅಂತ ಕೇಳಿದ. ನಾನು ಏನೂ ತಯಾರಿ ಮಾಡಿಕೊಂಡಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದೆ: 'ಕುಂಟ ಕುರಿ ಒಂದದ, ಅದನ್ನ ಮಾರಬ್ಯಾಡ ಅಂತ ನಮ್ಮ ತಂಗೀಗಿ ಹೇಳ್ರಿ.' ಪರಾತದ ಮೇಲೆ ಇದ್ದ ಕೈಗಳು ಹಾಗೇ ನಿಂತವು. ಆಮೇಲೆ ಮೂರು ವಾರ ಅವರು ಮುಖ್ಯ ಕಥೆ ಬಿಟ್ಟು ಆ ತಂಗಿಯ ಊರು ಹುಡುಕಿಕೊಂಡು ಹೋದರು. ನಾನು ಕಷ್ಟಪಟ್ಟು ಬರೆದಿಟ್ಟಿದ್ದ ಡ್ರ್ಯಾಗನ್ ಗುಹೆ ಇವತ್ತಿಗೂ ನೋಟ್‌ಬುಕ್ಕಿನಲ್ಲೇ ಇದೆ.

ಮಣ್ಣು ಹ್ಯಾಂಗ ಮಾಡ್ತಾರ? ನಮ್ಮ ಕಡಿ ಪದ್ಧತಿ ಹಾಕಿದ್ರ ನಡೀತದೇನು?

ಧಾರಾಳವಾಗಿ ನಡೆಯುತ್ತದೆ. ಡೂಮ್‌ಗೈಡ್ ಒಂದೇ ವಿಧಿಯನ್ನು ಎಲ್ಲರ ಮೇಲೆ ಹೇರುವವನಲ್ಲ, ಸತ್ತವರ ನಂಬಿಕೆಗೆ ತಕ್ಕ ಮರ್ಯಾದೆ ಕೊಡುವವನು ಅಂತ ನಾನು ಆಡಿಸುತ್ತೇನೆ. ಇದನ್ನು ಕಲಬುರಗಿಯವರಿಗೆ ವಿವರಿಸಬೇಕಾಗಿಲ್ಲ. 'ಮಣ್ಣಿಗೆ ಹೋಗಿದ್ದೆ' ಅನ್ನುವ ಒಂದೇ ಮಾತಿನಲ್ಲಿ ನಾವು ಎಷ್ಟು ತರದ ಮಣ್ಣಿಗೆ ಹೋಗಿರುತ್ತೇವೆ!

ಒಮ್ಮೆ ಕುಬ್ಜರ ಊರಿನಲ್ಲಿ ಹಿರಿಯನೊಬ್ಬ ಸತ್ತ. ಹೆಣವನ್ನು ಕೂರಿಸಿ ಸಮಾಧಿ ಮಾಡುತ್ತಾರೆ ಅಂತ ನಮ್ಮ ಲಿಂಗಾಯತ ಕ್ರಿಯೆಯನ್ನು ನೆನೆದು ಹೇಳತೊಡಗಿದೆ. ಮೆಣಸಿನಕಾಯಿ ಒಣಹಾಕಿದ್ದನ್ನು ತೆಗೆಯಲು ಬಂದಿದ್ದ ನಮ್ಮ ಆಯಿ ಅಲ್ಲೇ ನಿಂತು ಕೇಳಿಸಿಕೊಂಡಳು. 'ಯಾರ ಮನ್ಯಾಗ ಆಗ್ಯಾದಪಾ?' ಅಂದಳು ಮೊದಲು. ಆಟ ಅಂತ ಗೊತ್ತಾದ ಮೇಲೂ ಬಿಡಲಿಲ್ಲ. 'ಲಿಂಗ ಎಡಗೈಯಾಗ ಇಡ್ತಾರ, ಬಲಗೈಯಾಗ ಅಲ್ಲ. ವಿಭೂತಿ ಹೇಳೇ ಇಲ್ಲ ನೀ. ಪತ್ರಿ ಎಲ್ಲಿ?' ಅಂತ ಒಂದೊಂದೇ ತಿದ್ದಿದಳು. ಕುಬ್ಜನ ಸಮಾಧಿ ಅವತ್ತು ಶಾಸ್ತ್ರೋಕ್ತವಾಗಿ ನಡೆಯಿತು. ಅದೇ ಪಾರ್ಟಿಯಲ್ಲಿ ಮುಸ್ಲಿಂ ಗೆಳೆಯ ಆಡುವ ಪಾತ್ರ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದು ನಿಂತಿತು. ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಎಚ್ಚರಿಕೆ ಮಾತ್ರ. ನಿಮ್ಮ ಮನೆಯ ಪದ್ಧತಿ ಹಾಕಿ, ಪಕ್ಕದ ಮನೆಯದನ್ನು ಅರೆಬರೆ ತಿಳಿದು ತಮಾಷೆಗೆ ಹಾಕಬೇಡಿ.

ಹಬ್ಬ ಹುಣ್ಣಿಮಿ ಏನರ ಅದಾವೇನು?

ದೊಡ್ಡದು ಚಂದ್ರನ ಹಬ್ಬ. ಉಕ್ತಾರ್ ಮತ್ತು ನೈಟಾಲ್ ತಿಂಗಳ ನಡುವೆ, ನಮ್ಮ ನವೆಂಬರ್ ಮುಗಿಯುವ ಹೊತ್ತಿಗೆ ಬರುತ್ತದೆ. ಅವತ್ತು ಸಮಾಧಿಗಳಿಗೆ ಹೋಗುತ್ತಾರೆ, ಸತ್ತ ಹಿರಿಯರ ಕಥೆಗಳನ್ನು ರಾತ್ರಿಯವರೆಗೂ ಹೇಳುತ್ತಾರೆ. ಮಹಾಲಯ ಅಮಾವಾಸ್ಯೆ, ಶಬ್-ಎ-ಬರಾತ್ ಎರಡನ್ನೂ ಕಂಡವರಿಗೆ ಇದನ್ನು ಆಡಿಸುವುದು ಸಲೀಸು.

ಅವನ ಗುಡಿ ಹ್ಯಾಂಗ ಇರ್ತದ? ಚಿತ್ರ ಕಣ್ಮುಂದ ಬರಲ್ದು.

ಬೀದರ್‌ನ ಹೊರಗೆ ಅಷ್ಟೂರಿಗೆ ಒಮ್ಮೆ ಹೋಗಿಬನ್ನಿ. ಬಹಮನಿ ಸುಲ್ತಾನರ ಗುಂಬಜ್‌ಗಳು ಬಯಲಿನಲ್ಲಿ ಸಾಲಾಗಿ ನಿಂತಿವೆ. ಹುಮಾಯೂನ್ ಶಾಹನ ಗುಂಬಜ್‌ಗೆ ಸಿಡಿಲು ಬಡಿದದ್ದು ಅನ್ನುತ್ತಾರೆ, ಅರ್ಧ ಬಿದ್ದು ಅರ್ಧ ಉಳಿದು ಒಳಗಿನ ಇಟ್ಟಿಗೆ ಕಾಣುತ್ತದೆ. ಅದರ ಮುಂದೆ ನಿಂತಾಗ ಕೆಲೆಮ್ವೋರ್‌ನ ಗುಡಿ ಹೀಗೇ ಇರಬೇಕು ಅನ್ನಿಸಿತು. ಅದೇ ಸಾಲಿನಲ್ಲಿ ಅಹ್ಮದ್ ಶಾ ವಲಿಯ ಗೋರಿ ಇದೆ. 1436ರಲ್ಲಿ ತೀರಿಕೊಂಡ ಸುಲ್ತಾನನ ಹತ್ತಿರ ಇವತ್ತಿಗೂ ಹಿಂದೂ ಮುಸ್ಲಿಂ ಇಬ್ಬರೂ ಜಾತ್ರೆಗೆ ಬರುತ್ತಾರೆ, ಅವನನ್ನು ಅಲ್ಲಮಪ್ರಭುವಿನ ರೂಪ ಅಂತ ನಂಬಿದವರೂ ಇದ್ದಾರೆ. ಒಳಗೆ ಚಾವಣಿ ತುಂಬ ಬಣ್ಣ, ಬಂಗಾರದ ಬರಹ, ಆದರೆ ಬೆಳಕು ಬಹಳ ಕಡಿಮೆ. ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಆಟಗಾರರಿಗೆ ಗುಡಿ ತೋರಿಸುವಾಗ ನಾನು ಆ ಒಂದೆರಡು ನಿಮಿಷವನ್ನೇ ಮೊದಲು ಹೇಳುತ್ತೇನೆ. ಕಲಬುರಗಿಯವರಿಗೆ ಅಷ್ಟು ದೂರ ಬೇಡ ಅನ್ನಿಸಿದರೆ ಹಫ್ತ್ ಗುಂಬಜ್ ಊರಲ್ಲೇ ಇದೆ.

## ಟೇಬಲ್ ಮೇಲೆ ಜಗಳ ತರುವವು

ಡೆತ್ ಡೊಮೇನ್ ತಗೋಬೇಕೋ ಗ್ರೇವ್ ಡೊಮೇನ್ ತಗೋಬೇಕೋ?

ಗ್ರೇವ್. ಡೊಮೇನ್ ಅಂದರೆ ಪೂಜಾರಿಯ ಪಾತ್ರ ಆರಿಸಿಕೊಳ್ಳುವ ಶಕ್ತಿಗಳ ವಿಭಾಗ. 2014ರ ನಿಯಮಗಳ ಪಟ್ಟಿಯಲ್ಲಿ ಕೆಲೆಮ್ವೋರ್‌ನ ಮುಂದೆ ಡೆತ್ ಅಂತ ಬರೆದಿದೆ, ಗೊಂದಲ ಶುರುವಾಗುವುದು ಅಲ್ಲಿಂದಲೇ. ಆದರೆ ಡೆತ್ ಡೊಮೇನ್ ಇಟ್ಟಿದ್ದು ಖಳರಿಗಾಗಿ, ಡಿಎಂ ಪುಸ್ತಕದೊಳಗೆ. 2017ರಲ್ಲಿ ಬಂದ ಗ್ರೇವ್ ಡೊಮೇನ್ ಇವನಿಗೆ ಅಳತೆ ತೆಗೆದು ಹೊಲಿದಂತಿದೆ. ಜೀವಬಲ ಸೊನ್ನೆಗೆ ಇಳಿದವನಿಗೆ ನೀವು ಮದ್ದು ಮಾಡಿದರೆ ದಾಳ ಉರುಳಿಸಬೇಕಿಲ್ಲ, ಪೂರ್ತಿ ಅಂಕ ಸಿಗುತ್ತದೆ. ಅರವತ್ತು ಅಡಿಯೊಳಗೆ ಜೀವವಿಲ್ಲದೆ ಓಡಾಡುವ ಹೆಣ ಇದ್ದರೆ ಗೊತ್ತಾಗುತ್ತದೆ. ಸಾಯುವವನನ್ನು ತಡೆದು ನಿಲ್ಲಿಸುವ ಸ್ಪೇರ್ ದ ಡೈಯಿಂಗ್ ಮಂತ್ರಕ್ಕೆ 2014ರ ನಿಯಮದಲ್ಲಿ ಬೇರೆಯವರು ಮುಟ್ಟಬೇಕು, ಇವರು ಮೂವತ್ತು ಅಡಿ ದೂರದಿಂದಲೇ ಮಾಡಬಹುದು.

ಸತ್ತವರನ್ನ ಬದುಕಿಸೋ ಮಂತ್ರ ಇವನ ಪೂಜಾರಿ ಹಾಕಬಹುದೇನು? ಅಂವನ ದೇವರಿಗೇ ಮೋಸ ಆಗಲ್ದೇನು?

ಹಾಕಬಹುದು. ಪಂಥಕ್ಕೆ ಹೇಸಿಗೆ ಇರುವುದು ಹೆಣ ಎಬ್ಬಿಸಿ ದುಡಿಸಿಕೊಳ್ಳುವುದರ ಮೇಲೆ, ಆತ್ಮ ತಾನಾಗಿ ಒಪ್ಪಿ ತನ್ನ ಮೈಗೆ ಮರಳುವುದು ಬೇರೆ ಸಂಗತಿ. ನಿಯಮದಲ್ಲೂ ಆತ್ಮಕ್ಕೆ ಇಷ್ಟವಿಲ್ಲದಿದ್ದರೆ ಮಂತ್ರ ಹಿಡಿಯುವುದೇ ಇಲ್ಲ.

ಆದರೆ ಎಷ್ಟು ಸಲ ಅನ್ನುವುದರಲ್ಲಿ ನಾನು ಸರಿಯಾಗಿ ಎಡವಿದ್ದೇನೆ. ಮೊದಲ ವರ್ಷ ವಜ್ರದ ಲೆಕ್ಕ ಇಡಲಿಲ್ಲ. ರಿವಿವಿಫೈ ಮಂತ್ರಕ್ಕೆ 300 ಬಂಗಾರದ ನಾಣ್ಯದ ವಜ್ರ ಬೇಕು, ಸತ್ತ ಒಂದು ನಿಮಿಷದೊಳಗೆ ಆಗಬೇಕು. ರೇಸ್ ಡೆಡ್‌ಗೆ 500ರ ವಜ್ರ, ಹತ್ತು ದಿನದ ಗಡುವು. ಇದೆಲ್ಲ ಯಾಕೆ ಬೇಕು, ಆಟ ಸರಳವಾಗಲಿ ಅಂತ ಬಿಟ್ಟೆ. ನಾಲ್ಕು ತಿಂಗಳಲ್ಲಿ ಒಬ್ಬನೇ ಒಬ್ಬ ಆರು ಸಲ ಸತ್ತು ಆರು ಸಲ ಎದ್ದ. ಏಳನೇ ಸಲ ಅವನು ಬಿದ್ದಾಗ ಒಬ್ಬ ಮಿರ್ಚಿ ತಿನ್ನುತ್ತಿದ್ದ, ಇನ್ನೊಬ್ಬ ಫೋನ್ ನೋಡುತ್ತಿದ್ದ, ತಲೆ ಎತ್ತಿದವರಿಲ್ಲ. ಅವತ್ತಿನಿಂದ ವಜ್ರಗಳನ್ನು ಹೆಸರು ಬರೆದು ಲೆಕ್ಕ ಇಡುತ್ತೇನೆ. ಡೂಮ್‌ಗೈಡ್ ಬದುಕಿಸುವ ಮುಂಚೆ ಆತ್ಮಕ್ಕೆ 'ಬರ್ತೀಯೇನು?' ಅಂತ ಕೇಳಲೇಬೇಕು, ಸತ್ತ ಆಟಗಾರನೇ ಉತ್ತರ ಕೊಡಬೇಕು. ಇದು ನಮ್ಮ ಮಾಳಿಗೆಯ ನಿಯಮ, ಪುಸ್ತಕದ್ದಲ್ಲ. ಇಲ್ಲಿಯವರೆಗೆ ಇಬ್ಬರು 'ಬರಲ್ಲ' ಅಂದಿದ್ದಾರೆ.

ಸ್ಪೀಕ್ ವಿತ್ ಡೆಡ್ ಮಾಡಿದ್ರ ಆತ್ಮಕ್ಕ ತ್ರಾಸ ಆಗ್ತದೇನು?

ಇಲ್ಲ, ಇದು ಹೆಣವನ್ನು ಮಾತಾಡಿಸುವ ಮಂತ್ರ, ಆತ್ಮ ವಾಪಸ್ ಬರುವುದೇ ಇಲ್ಲ. ಮಾತಾಡುವುದು ಹೆಣದಲ್ಲಿ ಉಳಿದ ನೆನಪು. ಐದು ಪ್ರಶ್ನೆ ಮಾತ್ರ, ಅದೇ ಹೆಣವನ್ನು ಮತ್ತೆ ಹತ್ತು ದಿನ ಮಾತಾಡಿಸುವಂತಿಲ್ಲ. ಬದುಕಿದ್ದಾಗ ಗೊತ್ತಿದ್ದಷ್ಟೇ ಗೊತ್ತಿರುತ್ತದೆ, ನಿಜ ಹೇಳಲೇಬೇಕು ಅಂತೇನೂ ಇಲ್ಲ. ಬಾಯಿ ಉಳಿದಿರಬೇಕು, ಇದನ್ನು ಮರೆತು ತಲೆ ಕಡಿದುಕೊಂಡು ಬಿಟ್ಟುಬಂದ ಪಾರ್ಟಿಗಳಿವೆ.

ಒಳ್ಳೇ ವ್ಯಾಂಪೈರ್ ಇದ್ರ? ಪಾಪ, ಯಾರಿಗೂ ಏನೂ ಮಾಡಲ್ದವ?

ಡೂಮ್‌ಗೈಡ್‌ಗೆ ಅದರಿಂದ ಫರಕಾಗದು. ಮುಗಿಯಬೇಕಾದ್ದು ಮುಗಿದಿಲ್ಲ ಅನ್ನುವುದೇ ಅವನ ತಕರಾರು. ಅವನು ಕಣ್ಣೀರು ಹಾಕುತ್ತಲೇ ಗೂಟ ಹೊಡೆಯಬಹುದು.

## ಹಳಬರ ಪ್ರಶ್ನೆಗಳು

ಸತ್ತ ಕೂಡಲೆ ಎಲ್ಲಾರೂ ಕೆಲೆಮ್ವೋರ್ ಮುಂದೇ ನಿಂದರಬೇಕೇನು?

ಬೇಕಿಲ್ಲ. ಆತ್ಮಗಳು ಮೊದಲು ಸೇರುವುದು ಫ್ಯೂಗ್ ಪ್ಲೇನ್ ಎಂಬ ಬೂದುಬಣ್ಣದ ಬಯಲಿಗೆ. ಅದನ್ನು ನಮ್ಮ ಬಸ್‌ಸ್ಟ್ಯಾಂಡ್ ಅಂದುಕೊಳ್ಳಿ. ಅವರವರ ದೇವರ ದೂತರು ಬಂದು ತಮ್ಮವರನ್ನು ಗುರುತು ಹಿಡಿದು ಕರೆದೊಯ್ಯುತ್ತಾರೆ. ನಮ್ಮ ಊರಿನಲ್ಲೇ ಒಂದು ಮನೆಯಲ್ಲಿ ಲಿಂಗೈಕ್ಯ, ಇನ್ನೊಂದರಲ್ಲಿ ಇಂತಕಾಲ್, ಮತ್ತೊಂದರಲ್ಲಿ ವೈಕುಂಠವಾಸಿ ಅನ್ನುತ್ತೇವಲ್ಲ, ಹಾಗೆ ಒಬ್ಬೊಬ್ಬರ ಬಸ್ಸು ಬೇರೆ. ನಡುವೆ ಪ್ರೈವೇಟ್ ಟ್ರಾವೆಲ್ಸ್ ಏಜೆಂಟರ ಹಾಗೆ ನರಕದ ಡೆವಿಲ್‌ಗಳು ಓಡಾಡುತ್ತಿರುತ್ತವೆ. 'ನಿನ್ನ ಗಾಡಿ ಬರೋದಿಲ್ಲಪಾ, ನಮ್ಮ ಕೂಡ ಬಾ' ಅಂತ ಕರಾರಿಗೆ ಸಹಿ ಕೇಳುತ್ತವೆ. ಇದಕ್ಕೆ ಅಲ್ಲಿ ಪರವಾನಗಿ ಇದೆ, ಮೋಸ ಮಾಡಿ ಒಪ್ಪಿಸುವಂತಿಲ್ಲ. ಯಾವ ಬಸ್ಸೂ ಬಾರದೆ ಉಳಿದವರು ಮಾತ್ರ ಕೆಲೆಮ್ವೋರ್‌ನ ಪಟ್ಟಣಕ್ಕೆ ಹೋಗುತ್ತಾರೆ: ಯಾವ ದೇವರನ್ನೂ ನಂಬದವರು, ಮತ್ತು ನಂಬಿದ ದೇವರಿಗೆ ಎರಡು ಬಗೆದವರು.

ದೇವರನ್ನ ನಂಬಲ್ದವನ್ನ ಗೋಡ್ಯಾಗ ಹಾಕಿ ಕಟ್ಟತಾರಂತಲ್ಲ, ಇದ್ಯಾವ ನ್ಯಾಯ?

ನಮ್ಮ ಮಾಳಿಗೆಯಲ್ಲಿ ಧ್ವನಿ ಏರುವುದು ಇಲ್ಲೇ. ಪಟ್ಟಣದ ಸುತ್ತ ಒಂದು ಗೋಡೆ, ನಂಬಿಕೆಯಿಲ್ಲದ ಆತ್ಮಗಳೇ ಅದರ ಇಟ್ಟಿಗೆ. ಕ್ರಮೇಣ ಅವು ಕರಗಿ ಇಲ್ಲವಾಗುತ್ತವೆ. ಕಟ್ಟಿಸಿದವನು ಮಿರ್ಕುಲ್, ಕೆಲೆಮ್ವೋರ್ ಬಂದ ಮೇಲೂ ಗೋಡೆ ಉಳಿಯಿತು. ಅವನ ಕಡೆಯವರ ವಾದ ಇಷ್ಟು: ಫೇರೂನ್‌ನಲ್ಲಿ ದೇವರುಗಳು ಕಣ್ಣೆದುರೇ ಓಡಾಡುತ್ತಾರೆ, ಅವರ ಬಲ ಭಕ್ತರಿಂದ ಬರುತ್ತದೆ, ನಂಬದಿದ್ದರೂ ನಡೆಯುತ್ತದೆ ಅಂದರೆ ಇಡೀ ವ್ಯವಸ್ಥೆ ಕುಸಿಯುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ತಕ್ಕಡಿ ಹಿಡಿದವನು ತನ್ನ ಕೈಕೆಳಗಿನ ಅನ್ಯಾಯವನ್ನು ಹಿಂದಿನ ಸಾಹೇಬರು ಮಾಡಿದ್ದು ಅಂತ ಬಿಡುವುದು ನಾವು ಆಫೀಸುಗಳಲ್ಲಿ ದಿನಾ ನೋಡುವ ಕಥೆ. ಆಟದ ಕಂಪನಿಗೂ ಮುಜುಗರ ಆಗಿರಬೇಕು, 2015ರ ಪುಸ್ತಕದಲ್ಲಿದ್ದ ಗೋಡೆಯ ಮಾತನ್ನು 2020ರಲ್ಲಿ ತೆಗೆದರು. ನಮ್ಮ ಕಥೆಯಲ್ಲಿ ಗೋಡೆ ಇದೆ, ಅದನ್ನು ಕೆಡವಬೇಕು ಅಂತ ಹೊರಟ ಡೂಮ್‌ಗೈಡ್‌ಗಳ ಗುಂಪೂ ಇದೆ.

ಮೊದಲ ಅಂವ ಭಾಳ ಕರುಣೆ ಇದ್ದವ ಅಂತಾರ. ಆಮ್ಯಾಲ ಕಲ್ಲ ಯಾಕ ಆದ?

ಶುರುವಿನಲ್ಲಿ ಅವನು ಮನುಷ್ಯನ ಹಾಗೇ ತೀರ್ಪು ಕೊಟ್ಟ. ಧೈರ್ಯವಂತರಿಗೆ, ಒಳ್ಳೆಯವರಿಗೆ ಚಂದದ ಬೀಡು. ಹೇಡಿಗಳಿಗೆ, ಕೆಟ್ಟವರಿಗೆ ಶಿಕ್ಷೆ. ಕೇಳಲು ಸರಿಯಾಗಿದೆ. ಆದರೆ ಸುದ್ದಿ ಭೂಮಿಗೆ ತಲುಪಿತು. ಸತ್ತರೂ ಚಿಂತೆಯಿಲ್ಲ ಅಂತ ಒಳ್ಳೆಯವರು ಬೇಕಾಬಿಟ್ಟಿ ಜೀವ ಕೊಡತೊಡಗಿದರು, ಇವನಿರುವಾಗ ಬೇರೆ ದೇವರು ಯಾಕೆ ಅಂತ ಜನ ಉಳಿದ ಗುಡಿಗಳನ್ನು ಬಿಟ್ಟರು. ದೇವರುಗಳ ಸಭೆಯಲ್ಲಿ ಅವನ ಮೇಲೆ ವಿಚಾರಣೆ ನಡೆಯಿತು. ತಾನು ದೇವರ ಕುರ್ಚಿಯಲ್ಲಿ ಮನುಷ್ಯನಾಗಿ ಕೂತಿದ್ದೇನೆ ಅಂತ ಅವನಿಗೇ ಅರಿವಾಗಿ, ಕೊಟ್ಟ ತೀರ್ಪುಗಳನ್ನೆಲ್ಲ ಮತ್ತೆ ತೆರೆದ. ಪಟ್ಟಣದ ಬಣ್ಣ ಹೋಯಿತು, ಮುಖಕ್ಕೆ ಬೆಳ್ಳಿಯ ಮುಖವಾಡ ಬಂತು. ಸಾವಿತ್ರಿ ಯಮನನ್ನು ಮಾತಿನಲ್ಲಿ ಕಟ್ಟಿಹಾಕಿದ ಹಾಗೆ ಇವನನ್ನು ಈಗ ಕಟ್ಟಿಹಾಕಲು ಆಗದು. ಹಾಗಾಗಿಯೇ ಅವನ ಪೂಜಾರಿ ಸಾಯುವವರ ಪಕ್ಕ ಕೂತು ಕೈ ಹಿಡಿಯುವುದು ನನಗೆ ದೊಡ್ಡದಾಗಿ ಕಾಣುತ್ತದೆ. ದೇವರ ಕೈಯಲ್ಲಿ ಇಲ್ಲದ್ದು ಪೂಜಾರಿಯ ಕೈಯಲ್ಲಿ ಉಳಿದಿದೆ.

ಈ ಜೆರ್ಗಲ್ ಯಾರು? ಚಿತ್ರಗುಪ್ತ ಏನು?

ಚಿತ್ರಗುಪ್ತನ ಕೆಲಸ ಮಾಡುವ ಮಾಜಿ ಯಮ. ಸಾವು, ಕೊಲೆ, ಕಲಹ ಮೂರೂ ಒಂದು ಕಾಲಕ್ಕೆ ಅವನವೇ. ಬೇನ್, ಭಾಲ್, ಮಿರ್ಕುಲ್ ಎಂಬ ಮೂವರು ಮನುಷ್ಯರು ಅವನನ್ನು ಕೊಂದು ಪಟ್ಟ ಕಸಿಯಲು ಬಂದಾಗ, ನನಗೂ ಬೇಸರ ಬಂದಿದೆ, ತಗೊಳ್ಳಿ ಅಂತ ಎದ್ದುಬಿಟ್ಟ. ಮೂವರೂ ಹಂಚಿಕೆಗೆ ಜೂಜಾಡಿದರು, ಎಲುಬಿನ ದಾಳ, ಬುರುಡೆ ಉರುಳಿಸುವ ಆಟ ಎಲ್ಲ ಆಯಿತು. ಗೆದ್ದ ಬೇನ್ ದಬ್ಬಾಳಿಕೆಯನ್ನು ಆರಿಸಿದ. ನೀನು ಆಳುವವರೆಲ್ಲ ಕೊನೆಗೆ ನನ್ನ ಹತ್ತಿರವೇ ಬರಬೇಕಲ್ಲ ಅಂತ ಮಿರ್ಕುಲ್ ಸತ್ತವರನ್ನು ತೆಗೆದುಕೊಂಡ. ಅವರನ್ನು ಅವನ ಹತ್ತಿರ ಕಳಿಸುವವನು ನಾನು ಅಂತ ಭಾಲ್ ಕೊಲೆಯನ್ನು ತೆಗೆದುಕೊಂಡ. ಜೆರ್ಗಲ್ ಪೆನ್ನು ಹಿಡಿದು ಸತ್ತವರ ಹೆಸರು ಬರೆಯುತ್ತ ಕೂತ. ಆಮೇಲೆ ಕುರ್ಚಿಗೆ ಮಿರ್ಕುಲ್ ಬಂದ, ಸಿರಿಕ್ ಬಂದ, ಕೆಲೆಮ್ವೋರ್ ಬಂದ. ರೆಜಿಸ್ಟರ್ ಮಾತ್ರ ಒಂದೇ ಕೈಬರಹದಲ್ಲಿದೆ.

2023ರ ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೊ ಗೇಮ್ ಆಡಿದವರಿಗೆ ಇವನ ಪರಿಚಯ ಇದ್ದೇ ಇದೆ. ಕ್ಯಾಂಪಿನಲ್ಲಿ ನಿಂತು 200 ನಾಣ್ಯಕ್ಕೆ ಸತ್ತವರನ್ನು ಎಬ್ಬಿಸುವ ಒಣಕಲು ಮುದುಕ ವಿದರ್ಸ್ ಇವನೇ ಅಂತ ಆಟದ ಕೊನೆಗೆ ತಿಳಿಯುತ್ತದೆ. ಇನ್ನೂ ಆಡಿ ಮುಗಿಸದವರು ಈ ಸಾಲನ್ನು ಓದಿಲ್ಲ ಅಂದುಕೊಳ್ಳಿ.

ಟೇಬಲ್ ಮ್ಯಾಲ ಕುಂತವರ ಮನ್ಯಾಗೇ ಖರೇ ಸಾವು ಆಗಿದ್ರ ಏನ್ ಮಾಡ್ಲಿ?

ಆಟಕ್ಕೆ ಮುಂಚೆ ಅವರೊಬ್ಬರನ್ನೇ ಫೋನಿನಲ್ಲಿ ಕೇಳಿ, ಎಲ್ಲರೆದುರು ಕೇಳಬೇಡಿ. ನಮ್ಮಲ್ಲಿ ಒಬ್ಬ ಅಪ್ಪನನ್ನು ಕಳೆದುಕೊಂಡು ಎರಡು ತಿಂಗಳ ಮೇಲೆ ಬಂದ. ಕೇಳಿದೆ. 'ಹಾಸಿಗಿ ಹಿಡಿದವರ ಸೀನ್ ಬ್ಯಾಡಣ್ಣ, ಯುದ್ಧದಾಗ ಸತ್ರ ನಡೀತದ' ಅಂದ. ಅವತ್ತಿನಿಂದ ಅವನು ಬಂದ ದಿನ ಡೂಮ್‌ಗೈಡ್ ಅಸ್ಥಿಪಂಜರಗಳ ಬೆನ್ನಟ್ಟುತ್ತಾನೆ, ರೋಗಿಗಳ ಮನೆಗೆ ಹೋಗುವುದಿಲ್ಲ. ಯಾಕೆ ಅಂತ ಉಳಿದವರಿಗೆ ನಾನು ಹೇಳಿಲ್ಲ, ಅವರು ಕೇಳಿಯೂ ಇಲ್ಲ.